ಸ್ಪಷ್ಟನೆ: ಹಲ್ಲಿನ ಬಣ್ಣದ ಫಿಲ್ಲಿಂಗ್ ಮತ್ತು ಜೋಳದ ರೊಟ್ಟಿ

‘ಹಲ್ಲಿನ ಬಣ್ಣದ ಫಿಲ್ಲಿಂಗ್ ಆರು ತಿಂಗಳಿಗೇ ಉದುರುತ್ತದೆ, ಹಾಕಿಸಿಕೊಂಡ ಮೇಲೆ 24 ಗಂಟೆ ರೊಟ್ಟಿ ಮುಟ್ಟಬಾರದು’ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

24 ಗಂಟೆಯ ಮಾತು ಹಳೆಯ ಬೆಳ್ಳಿ ಫಿಲ್ಲಿಂಗಿನದು. ಅದು ಪೂರ್ತಿ ಬಿಗಿಯಾಗಲು ಅಷ್ಟು ಹೊತ್ತು ಬೇಕು. ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್, ಹಾಗಲ್ಲ. ಒಂದೊಂದು ಪದರವೂ ನೀಲಿ ಬೆಳಕಿನಡಿ ಸಾಮಾನ್ಯವಾಗಿ 20–40 ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ಇಂಜೆಕ್ಷನ್ ಕೊಟ್ಟಿದ್ದರೆ ಮರಗಟ್ಟಿದ್ದು ಇಳಿಯುವತನಕ, ಅಂದರೆ ಎರಡು-ಮೂರು ತಾಸು ಕಾಯಿರಿ. ಇಲ್ಲದಿದ್ದರೆ ರೊಟ್ಟಿಯ ಜೊತೆ ಕೆನ್ನೆಯನ್ನೂ ಅಗಿದೀರಿ!

ಬೇಗ ಬೀಳುವುದಕ್ಕೆ ಹೆಚ್ಚಾಗಿ ಕೆಲಸದ ಅವಸರವೇ ಕಾರಣ. ಹುಳುಕು ತೆಗೆದ ಮೇಲೆ 37% ಫಾಸ್ಫರಿಕ್ ಆಸಿಡ್ ಜೆಲ್ ಸುಮಾರು 15 ಸೆಕೆಂಡು ಇಟ್ಟು, ತೊಳೆದು, ಬಾಂಡ್ ಎಂಬ ಅಂಟು ಹಚ್ಚುತ್ತಾರೆ. ಆಗ ಎಂಜಲು ತಾಗಿತೋ, ಅಂಟು ಹಿಡಿಯುವುದಿಲ್ಲ. ಸಾಮಾನ್ಯ ಕಾಂಪೋಸಿಟ್ಟನ್ನು 2 ಮಿ.ಮೀ.ಗಿಂತ ದಪ್ಪ ತುಂಬಿದರೆ ಬೆಳಕು ತಳ ಮುಟ್ಟದೆ ಒಳಗೆ ಮೆತ್ತಗೇ ಉಳಿಯುತ್ತದೆ. ಸರಿಯಾಗಿ ಹಾಕಿದ್ದು ಐದರಿಂದ ಹತ್ತು ವರ್ಷ ಬಾಳುವುದು ಸಾಮಾನ್ಯ.

ಕಚ್ಚಿದಾಗ ಫಿಲ್ಲಿಂಗ್ ಹಾಕಿದ ಹಲ್ಲೊಂದೇ ಮೊದಲು ತಾಗಿದರೆ ಸವೆಯಲೆಂದು ಕಾಯಬೇಡಿ. ದಂತವೈದ್ಯರ ಬಳಿ ಬಣ್ಣದ ಕಾಗದ ಕಚ್ಚಿ, ಗುರುತು ಬಿದ್ದಲ್ಲಿ ಉಜ್ಜಿಸಿದರೆ ಐದು ನಿಮಿಷದ ಕೆಲಸ.