ಜಗತ್ ಎಲ್ಲಿಗೆ ಮುಗೀತದ?

ಏಳನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಊರಿನ ಏರಿಯಾಗಳ ನಕ್ಷೆ ಬರೆಯೋಕೆ ಹೇಳಿದ್ದರು, ಗಡಿ ಸಮೇತ. ಕಲಬುರಗಿಯಲ್ಲೇ ಹುಟ್ಟಿ ಬೆಳೆದವನಿಗೆ ಅದೇನು ಮಹಾ ಅಂತ ಹಳೆ ಕ್ಯಾಲೆಂಡರ್ ತಿರುಗಿಸಿ ಹಾಸಿಕೊಂಡು ಕೂತೆ.

ಕೋಟೆ, ಅಪ್ಪನ ಕೆರೆ, ದರ್ಗಾ, ಸ್ಟೇಷನ್ ಸರಸರ ಬಂದವು. ಹುಮನಾಬಾದ್ ಬೇಸ್ ಅನ್ನೋ ಏರಿಯಾ ಹತ್ತಿರ ಮಗಳು ತಡೆದಳು. "ಪಪ್ಪಾ, ಹುಮನಾಬಾದ್ ಬೀದರ ಜಿಲ್ಲಾದಾಗ ಅದ ಅಲ್ಲ?" ಹೌದು, ಊರು ಅಲ್ಲಿದೆ, ಬೇಸ್ ನಮ್ಮಲ್ಲಿದೆ. ಸುಮ್ನೆ ಬರಿ ಅಂದೆ.

ಪೆನ್ಸಿಲ್ ನಿಂತಿದ್ದು ಜಗತ್ ಅನ್ನೋ ಏರಿಯಾದಲ್ಲಿ. ಅದು ಮುಗಿದು ಸೂಪರ್ ಮಾರ್ಕೆಟ್ ಶುರುವಾಗೋದು ಎಲ್ಲಿ? ಸ್ಕೂಟರ್ ತೆಗೆದು ಇಬ್ಬರೂ ಹೊರಟೆವು.

ಪಾನ್ ಅಂಗಡಿಯವರು, "ಇದು ಜಗತ್ ರೀ" ಅಂದರು. ಹತ್ತು ಹೆಜ್ಜೆ ಆಚೆ ಟೇಲರ್ ಹೊಲಿಗೆ ನಿಲ್ಲಿಸಿ, "ಇದು ಹ್ಯಾಂಗ ಜಗತ್ ಆಗ್ತದರಿ? ಸೂಪರ್ ಮಾರ್ಕೆಟ್!" ಅಂದರು. ಇಬ್ಬರ ನಡುವೆ ಒಂದು ಚರಂಡಿ. ಅದನ್ನೇ ಗಡಿ ಮಾಡೋಣ ಅಂದೆ. ಅಷ್ಟಕ್ಕೇ ಇಬ್ಬರೂ ಒಂದಾಗಿ ನನ್ನ ಮೇಲೆ ಬಂದರು. ಆಟೋದವನು ನಕ್ಕ. "ಸವಾರಿ ಜಗತ್ ಅಂದ್ರ ಜಗತ್, ಮಾರ್ಕೆಟ್ ಅಂದ್ರ ಮಾರ್ಕೆಟ್. ನಮಗ ಬಾಡಿಗಿ ಬಂದ್ರ ಸಾಕ್ರಿ."

ಪಾಲಿಕೆಯ 55 ವಾರ್ಡುಗಳಿಗೆ ಕಾಗದದ ಮೇಲೆ ಪಕ್ಕಾ ಗಡಿ ಇದೆ. ಆದರೆ ಓಟಿನ ದಿನ ಬಿಟ್ಟರೆ ವಾರ್ಡ್ ನಂಬರ್ ಹೇಳಿ ಮನೆ ತೋರಿಸೋರು ಯಾರು? ಎಂಎಸ್‌ಕೆ ಮಿಲ್ ಬಂದ್ ಆಗಿ ಎಷ್ಟೋ ವರ್ಷವಾಯಿತು, ಇವತ್ತಿಗೂ ಜನ ಅಲ್ಲೇ ಇಳೀತಾರೆ.

ಮನೆಗೆ ಬಂದರೆ ನಮ್ಮ ಮನೆಯದ್ದೇ ಜಗಳ. ಕರೆಂಟ್ ಬಿಲ್‌ನಲ್ಲಿ ಒಂದು ಏರಿಯಾ, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅವ್ವ, "ಸೇಡಂ ರೋಡ್ ಅಂತ ಬರಿ" ಅಂದಳು. ಒಳಗಿನಿಂದ ಹೆಂಡತಿ, "ನಮ್ಮಪ್ಪಗೂ ಹಂಗೇ ಹೇಳಿದ್ರಿ. ಬಂದು ನೋಡಿದ್ರ ರಿಂಗ್ ರೋಡ್ ದಾಟಿ ತೊಗರಿ ಹೊಲ!" ಹದಿನಾಲ್ಕು ವರ್ಷದ ಬಾಕಿ ಅದು. ನಾನು ಬಾಯಿ ಬಿಡಲಿಲ್ಲ.

ಆ ಗದ್ದಲದಲ್ಲಿ ಅವ್ವ ಚಹಾದ ಕಪ್ಪನ್ನು ನಕ್ಷೆ ಮೇಲೇ ಇಟ್ಟಿದ್ದಳು. ಎತ್ತಿದಾಗ ಕಂದು ಬಣ್ಣದ ಉಂಗುರ. ಪಾನ್ ಅಂಗಡಿ, ಟೇಲರ್, ಚರಂಡಿ ಎಲ್ಲಾ ಅದರೊಳಗೆ. ಮಗಳು ಅದರ ಮೇಲೇ ಸ್ಕೆಚ್ ಪೆನ್ ಎಳೆದು 'ಜಗತ್ ಸರ್ಕಲ್' ಅಂತ ಬರೆದಳು.

ಸೋಮವಾರ ನಕ್ಷೆ ವಾಪಸ್ ಬಂತು. ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಜಗತ್ ಜಾಸ್ತಿ ದೊಡ್ಡದಾಗಿದೆ. ನಿಮ್ಮ ತಂದೆಯವರನ್ನು ಕೇಳಿ ಸರಿಪಡಿಸು.'