ಮಾತ್ರೆ, ಪ್ಯಾಚ್ ಎರಡೂ ಒಂದೇ ಅಲ್ಲ

ಮುಟ್ಟು ನಿಂತ ಮೇಲಿನ ಹಾರ್ಮೋನ್ ಚಿಕಿತ್ಸೆಗೆ ಮಾತ್ರೆಯೋ ಪ್ಯಾಚೋ, ಅನುಕೂಲ ನೋಡಿಕೊಂಡರೆ ಸಾಕು ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ಈ ಚಿಕಿತ್ಸೆಯ ಮುಖ್ಯ ಹಾರ್ಮೋನ್ ಆದ ಈಸ್ಟ್ರೋಜನ್ ಮಾತ್ರೆ ನುಂಗಿದರೆ ಅದು ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಜಾಸ್ತಿ ಆಗುತ್ತವೆ, ಆದರೆ ಚರ್ಮದ ಮೂಲಕ ಸೇರುವ ಪ್ಯಾಚ್ ಅಥವಾ ಜೆಲ್‌ನಲ್ಲಿ ಆ ಅಪಾಯ ತುಂಬಾ ಕಡಿಮೆ. ತೂಕ ಜಾಸ್ತಿ ಇರುವವರು, ಮನೆಯವರಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಂಥವರು, ಇದನ್ನು ಡಾಕ್ಟರ್ ಹತ್ತಿರ ಕೇಳಲೇಬೇಕು. ಇದು ಬರೀ ಅನುಕೂಲದ ಮಾತಲ್ಲ, ಅಲ್ವಾ?

ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಬೇಕು, ಇಲ್ಲದಿದ್ದರೆ ಒಳಪದರ ದಪ್ಪವಾಗಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಲೇಖನದಲ್ಲಿ ಈ ಮಾತೇ ಇಲ್ಲ! ಯೋನಿ ಒಣಗುವುದು, ಉರಿ ಇಷ್ಟೇ ತೊಂದರೆ ಇದ್ದರೆ ಅಲ್ಲಿಗೇ ಹಚ್ಚುವ ಕ್ರೀಮ್ ಸಾಮಾನ್ಯವಾಗಿ ಸಾಕು, ಸುಮ್ನೆ ಇಡೀ ಮೈಗೆ ಔಷಧಿ ಯಾಕೆ?

2002ರಲ್ಲಿ ಹಾರ್ಮೋನ್ ಚಿಕಿತ್ಸೆ ಅಪಾಯ ಅಂತ ಅಮೆರಿಕದ ದೊಡ್ಡ ಅಧ್ಯಯನದ ಸುದ್ದಿ ಬಂದಾಗಿನಿಂದ ಎಲ್ಲರಿಗೂ ಹೆದರಿಕೆ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಮಾತ್ರೆ. 60 ವರ್ಷದೊಳಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡುವವರಲ್ಲಿ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಆದರೆ ಸ್ತನ ಕ್ಯಾನ್ಸರ್ ಬಂದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ, ಅವರಿಗೆ ಹಾರ್ಮೋನ್ ಇಲ್ಲದ ಬೇರೆ ಔಷಧಿಗಳಿವೆ.