ಕಷ್ಟ ಹೇಳಿಕೊಳ್ಳಲು ಕನ್ನಡವೂ ಇರಲಿ

ನಾನು ಪುತ್ತೂರಿನ ಕಡೆಯವನು. ಈಗ ಕಾಸರಗೋಡಿನಲ್ಲಿದ್ದೇನೆ. ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಕ್ಷೇಮ ವಿಭಾಗದಲ್ಲಿ ಕೆಲಸ. ಸ್ಕಾಲರ್‌ಶಿಪ್, ಹಾಸ್ಟೆಲ್, ಕೌನ್ಸೆಲಿಂಗ್, ರ‍್ಯಾಗಿಂಗ್ ದೂರು, ಎಲ್ಲ ನಮ್ಮಲ್ಲಿಗೇ ಬರುತ್ತವೆ. ಮೊದಲು ದಕ್ಷಿಣ ಕನ್ನಡದ ಕಾಲೇಜೊಂದರಲ್ಲೂ ಇದೇ ತರದ ಕೆಲಸ ಮಾಡಿದ್ದೆ.

ಕೇರಳದ ವ್ಯವಸ್ಥೆ ನನಗೆ ಇಷ್ಟ. ಸರ್ಕಾರಿ ಕಾಲೇಜುಗಳಲ್ಲಿ ‘ಜೀವನಿ’ ಯೋಜನೆಯಡಿ ಕೌನ್ಸೆಲರ್‌ಗಳಿದ್ದಾರೆ. ಅರ್ಜಿ ಹಾಕಲು ಊರೂರಲ್ಲೂ ಅಕ್ಷಯ ಕೇಂದ್ರ. ಇ-ಗ್ರಾಂಟ್ಸ್ ಸ್ಕಾಲರ್‌ಶಿಪ್ ದುಡ್ಡು ತಡವಾದರೆ ಮಕ್ಕಳು ಗುಂಪಾಗಿ ಬಂದು ಕೇಳುತ್ತಾರೆ. ನಮ್ಮ ಕಡೆ ಮಕ್ಕಳಿಗೆ ಅಷ್ಟು ಧೈರ್ಯ ಇರಲಿಲ್ಲ, ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ಆದರೆ ಒಳಗೆ ಬಂದ ಮೇಲೆ ಮನೆಯ ಕತೆಯನ್ನೆಲ್ಲ ಹೇಳುತ್ತಿದ್ದರು.

ಇಲ್ಲಿ ಸುಮ್ಮನಾಗುವವರು ಕಾಸರಗೋಡಿನದೇ ಪೈವಳಿಕೆ, ಎಣ್ಮಕಜೆ ಕಡೆಯ ಮಕ್ಕಳು. ಹತ್ತನೇವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ತುಳುವೋ ಕನ್ನಡವೋ. ಮಲಯಾಳ ಅಂಗಡಿಗೆ, ಬಸ್ಸಿಗೆ ಸಾಕು, ಸಂಕಟ ಹೇಳುವಷ್ಟು ಬರುವುದಿಲ್ಲ. ಒಬ್ಬಳು ಹುಡುಗಿ ಕೌನ್ಸೆಲಿಂಗಿಗೆ ಬಂದಿದ್ದಳು. ಕೌನ್ಸೆಲರ್ ಪ್ರೀತಿಯಿಂದಲೇ “ಎಂದಾ ಮೋಳೇ?” (ಏನು ಮಗಳೇ?) ಅಂದರು. “ಒನ್ನುಮಿಲ್ಲ” (ಏನೂ ಇಲ್ಲ) ಅಂದು ಎದ್ದು ಬಂದಳು. ಹೊರಗೆ ಹಾಸ್ಟೆಲ್ ಫಾರಂ ತುಂಬುವಾಗ ನಾನು “ಎಂತ ಆಯ್ತು ಮಗಾ?” ಅಂದೆ, ಅಷ್ಟೇ. ಅಪ್ಪ ಅಡಿಕೆ ಮರದಿಂದ ಬಿದ್ದದ್ದು, ಮೆಸ್ ಬಾಕಿ, ಓದು ಬಿಡಲು ಹೊರಟದ್ದು, ಎಲ್ಲ ಒಂದೇ ಉಸಿರಿಗೆ ಬಂತು. ಆ ಕೌನ್ಸೆಲರ್ ತಪ್ಪೇನೂ ಮಾಡಿರಲಿಲ್ಲ. ಆದರೆ ನಾನು ಗುಮಾಸ್ತ, ಕೌನ್ಸೆಲಿಂಗ್ ಕಲಿತವನಲ್ಲ. ಅವಳಿಗೆ ಬೇಕಾದದ್ದು ಅದನ್ನು ಕಲಿತವರು.

ಇದು ಕನ್ನಡದ ಮಕ್ಕಳ ಪಾಡು ಮಾತ್ರ ಅಲ್ಲ. ನರ್ಸಿಂಗ್ ಓದಲು ಮಂಗಳೂರಿಗೆ ಹೋಗುವ ಮಲಯಾಳಿ ಮಕ್ಕಳದ್ದೂ ಇದೇ ಕತೆ. ಅಲ್ಲಿ ಜೊತೆಯವರು ಮಾತು ದಾಟಿಸುತ್ತಾರೆ. ಫೀಸಿನ ವಿಷಯಕ್ಕೆ ಅದು ಸಾಕು. ಆದರೆ ಹಾಸ್ಟೆಲಿನ ಕಿರುಕುಳವನ್ನು ಅದೇ ಹಾಸ್ಟೆಲಿನ ಗೆಳತಿಯ ಬಾಯಿಂದ ಹೇಳಿಸುವುದು ಹೇಗೆ?

ಕಾನೂನು ನಮ್ಮ ಕಡೆಗೇ ಇದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಆದರೆ ಇವೆಲ್ಲ ಬರೆದು ಕೊಡುವ ಮಾತಾಯ್ತು. ಎದುರು ಕೂತು ಅಳುವವರಿಗೆ ಇದರಿಂದ ಏನು ಬಂತು? 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ನಮಗೆ ಬೇಕಾದ ಭಾಷೆ ಆರಿಸಿಕೊಳ್ಳಬಹುದು. ಫೋನಿನಲ್ಲಿ ಆಗುವುದು ಎದುರಿನ ಮೇಜಿನಲ್ಲಿ ಯಾಕೆ ಆಗಬಾರದು?

ಜನ ಸಿಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೈಕಾಲಜಿ ಓದಿದವರು ಮಂಜೇಶ್ವರ, ಕುಂಬಳೆಯಲ್ಲೇ ಇದ್ದಾರೆ, ಮಲಯಾಳವೂ ಬರುತ್ತದೆ. ಮುಂದಿನ ಸಲ ಕೌನ್ಸೆಲರ್ ಹುದ್ದೆಗೆ ಅರ್ಜಿ ಕರೆಯುವಾಗ ‘ಕನ್ನಡ ಬಲ್ಲವರಿಗೆ ಆದ್ಯತೆ’ ಅನ್ನುವ ಸಾಲು ಸೇರಿಸಿ ಅಂತ ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ತುಳುವೂ ಬಂದರೆ ಇನ್ನೂ ಒಳ್ಳೆಯದು ಅಂತಲೂ ಸೇರಿಸಿದ್ದೇನೆ.